ಉರ್ದು ಕಾಗದದ ಬುಟ್ಟಿ

ಮೊನ್ನೆ ಪುರಸಭೆಯವರು ಮನೆಮನೆಗೆ ಹಂಚಿದ ಕರಪತ್ರವೊಂದು ನೆನೆಯಲು ಇಟ್ಟಿದ್ದ ಮೆಂತ್ಯದ ಬಟ್ಟಲಿಗೆ ಬಿದ್ದು, ಯಾರ ಕಣ್ಣಿಗೂ ಬೀಳದೆ ಒಂದು ದಿನ ಅಲ್ಲೇ ಉಳಿಯಿತು. ಎತ್ತಿದಾಗ ಬಂದ ವಾಸನೆ, ಆ ನೆಂದ ಕಾಗದದ ಮುಗ್ಗಲು ಮತ್ತು ಮೆಂತ್ಯದ ಕಹಿ, ನನ್ನನ್ನು ನಿಂತ ಕಾಲ ಮೇಲೆ ಕುಷ್ಟಗಿಯ ಅಜ್ಜನ ಮನೆಯ ಹಿತ್ತಲಿಗೆ ಒಯ್ದಿತು. ಹಸಿ ಕಸ, ಒಣ ಕಸ ಬೇರೆ ಮಾಡಿರಿ, ಕಸವನ್ನು ಮತ್ತೆ ಬಳಸಲು ಸಾಧ್ಯವಿದೆ ಎಂದು ಕರಪತ್ರ ಸಾರುತ್ತಿತ್ತು. ಸಾರಲಿ. ನಮ್ಮ ಆಯಿ, ಅಂದರೆ ತಂದೆಯ ತಾಯಿ, ಆ ಶಾಸ್ತ್ರವನ್ನು ನಿಜಾಮನ ಕಾಲದಲ್ಲೇ ಅರೆದು ಕುಡಿದಿದ್ದಳು.

ಆ ಮನೆಯಿಂದ ಹೊರಗೆ ಹೋಗುವ ಹಕ್ಕು ಮನುಷ್ಯರಿಗೆ ಮಾತ್ರ ಇತ್ತು, ವಸ್ತುಗಳಿಗೆ ಇರಲಿಲ್ಲ. ಒಲೆಯ ಬೂದಿ ಪಾತ್ರೆ ತಿಕ್ಕಲು, ಮುಸುರೆ ಎಮ್ಮೆಗೆ, ಉಳಿದದ್ದು ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಹರಿದ ಸೀರೆ ಹೊದೆಯುವ ಕೌದಿಯಾಗಿ ಇನ್ನೊಂದು ಜನ್ಮ ಕಳೆಯುತ್ತಿತ್ತು. ಕಾಗದವನ್ನು ಮೂರು ದಿನ ನೆನೆಸಿ, ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಗಡಿಗೆಗೆ ಮೆತ್ತಿ ಒಣಗಿಸಿದರೆ ಬುಟ್ಟಿ. ನಿಮ್ಮ ಮನೆಯ ಜಂತಿಗೂ ಅಂಥದೊಂದು ತೂಗಿದ್ದೀತು. ಆದರೆ ಯಾವ ಕಾಗದ? ತಹಶೀಲ್ ಕಚೇರಿಯಲ್ಲಿ ಕಾರಕೂನನಾಗಿದ್ದ ಅಜ್ಜ ಅದಕ್ಕೊಂದು ಹುಕುಂ ಹೊರಡಿಸಿದ್ದ. ಕನ್ನಡದಲ್ಲಿ ಬರೆದದ್ದನ್ನು ತನಗೆ ತೋರಿಸಬೇಕು, ದೇವರ ಹೆಸರಿದ್ದೀತು. ಉರ್ದುವಿನಲ್ಲಿ ಬರೆದದ್ದು ಕಚೇರಿಯ ರದ್ದಿ, ನೇರ ನೀರಿಗೆ.

ಆಯಿಯ ಕಿರಿಯ ಮಗ, ನನ್ನ ಸಣ್ಣ ಕಾಕಾ, ಓದಲು ಹೈದರಾಬಾದಿಗೆ ಹೋಗಿ ಎರಡನೆಯ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದ. ಅವನು ಬರೆದ ಹನ್ನೊಂದು ಪತ್ರಗಳಿದ್ದವು. ಹೊಸದಾಗಿ ಕಲಿತ ಜಂಬಕ್ಕೆ ಹನ್ನೊಂದನ್ನೂ ಉರ್ದುವಿನಲ್ಲೇ ಬರೆದಿದ್ದ. ಆಯಿಗೆ ಯಾವ ಅಕ್ಷರವೂ ಬಾರದು. ಪ್ರತಿ ಹುಣ್ಣಿಮೆಯ ಸಂಜೆ ಅಜ್ಜ ಅವನ್ನು ಕನ್ನಡ ಮಾಡಿ ಓದುತ್ತಿದ್ದ, ಆಕೆ ಕೇಳುತ್ತಿದ್ದಳು. ಆ ಹೊತ್ತಿಗೆ ಮಕ್ಕಳನ್ನು ಅಂಗಳಕ್ಕೆ ಅಟ್ಟುತ್ತಿದ್ದರು.

ಒಂದು ಬೇಸಿಗೆ ಕಾಗದ ಆರಿಸುವ ಅಧಿಕಾರ ಎಂಟು ವರ್ಷದ ನನಗೆ ಬಂತು. ಅಟ್ಟದ ಟ್ರಂಕಿನಲ್ಲಿ ಕೆಂಪು ವಸ್ತ್ರದ ಗಂಟು ಸಿಕ್ಕಿತು. ನನ್ನ ವಿಂಗಡಣೆಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ ಎಂದು ಇವತ್ತಿಗೂ ಹೇಳಬಲ್ಲೆ. ವಸ್ತ್ರವನ್ನು ಕೌದಿಯ ಚಿಂದಿಗೆ ಸೇರಿಸಿದೆ, ಉರ್ದು ಕಾಗದಗಳನ್ನು ಆಯಿಯ ಉಡಿಗೆ ಸುರಿದೆ. ಆಕೆ ಒಂದೊಂದನ್ನೇ ತನ್ನ ಕೈಯಾರೆ ಹರಿದು ನೀರಿಗೆ ಹಾಕಿ, ನಮ್ಮವ್ವ ಭಾಳ ಶಾಣ್ಯಾಕಿ ಎಂದು ನನ್ನ ಗಲ್ಲ ಸವರಿದಳು.

ನಾಲ್ಕನೆಯ ದಿನ ಹುಣ್ಣಿಮೆ. ಆಯಿ ಕುಟ್ಟಲು ನಿಂತಿದ್ದಳು. ಅಜ್ಜ ಅಟ್ಟದಿಂದ ಬರಿಗೈಯಲ್ಲಿ ಇಳಿದು ಬಂದ.

"ತಂಗಿ, ಟ್ರಂಕಿನ್ಯಾಗ ಕೆಂಪು ವಸ್ತ್ರದ ಗಂಟ ಇತ್ತು. ನೋಡೀ ಏನು?"

ನಾನು ಹೆಮ್ಮೆಯಿಂದ ಒರಳು ತೋರಿಸಿದೆ. "ಎಲ್ಲಾ ಉರ್ದೂನ ಇದ್ದವಜ್ಜ."

ಒನಕೆ ಎತ್ತಿದಲ್ಲೇ ನಿಂತಿತು. ಅಜ್ಜ ಗೋಡೆ ಹಿಡಿದು ಕೂತ. "ಹುಕುಂ ನಂದು," ಎಂದ. "ಕೂಸಿಗೆ ಏನೂ ಅನಬ್ಯಾಡ." ಆಯಿ ಒರಳೊಳಗೆ ನೋಡುತ್ತ ನಿಂತಳು. "ನೆಂದಾವ್ರಿ. ಬಿಟ್ರ ನಾರತಾವ," ಎಂದು ಒನಕೆ ಇಳಿಸಿದಳು.

ಉಳಿದ ಬುಟ್ಟಿಗಳಿಗೆ ಅರಿಶಿನ ಬಳಿಯುತ್ತಿದ್ದ ಆಯಿ ಇದಕ್ಕೆ ಏನೂ ಬಳಿಯಲಿಲ್ಲ. ಮಸಿ ಬಿಟ್ಟ ನೀಲಿ ಹಾಗೇ ಉಳಿಯಿತು. ಹುಣ್ಣಿಮೆಯ ಓದೂ ನಿಲ್ಲಲಿಲ್ಲ. ಅಜ್ಜ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ನೆನಪಿನಿಂದ ಓದುತ್ತಿದ್ದ. ನನ್ನನ್ನು ಈಗ ಅಂಗಳಕ್ಕೆ ಅಟ್ಟುತ್ತಿರಲಿಲ್ಲ. ನನಗಾದ ಶಿಕ್ಷೆ ಅದೊಂದೇ. ಹನ್ನೊಂದು ಪತ್ರ ಬರಬರುತ್ತ ಏಳಾದವು, ಮೂರಾದವು. ಕೊನೆಗೆ ಅಜ್ಜನಲ್ಲಿ ಒಂದೇ ಮಾತು ಉಳಿಯಿತು: "ಅವ್ವಗ ಹೇಳ್ರಿ, ಕೌದಿ ಬೆಚ್ಚಗೈತಿ." ಆಯಿ ಪ್ರತಿಸಲವೂ ಹೊಸದಾಗಿ ಕೇಳಿದವಳಂತೆ "ಹೂನ್ರಿ" ಎನ್ನುತ್ತಿದ್ದಳು.

ಜೀರಿಗೆ, ಕಡಲೆ, ದೀಪದ ಬತ್ತಿ, ಏನಾದರೊಂದು ಇಲ್ಲದ ಬುಟ್ಟಿ ಆ ಮನೆಯಲ್ಲಿ ಇರಲಿಲ್ಲ. ನೀಲಿ ಬುಟ್ಟಿಗೆ ಮಾತ್ರ ಆಯಿ ಒಂದು ಕಾಳನ್ನೂ ಹಾಕಲಿಲ್ಲ. ಅಜ್ಜ ಹೋದ ಮೇಲೆ ಹುಣ್ಣಿಮೆಯ ಸಂಜೆ ಅದು ಆಕೆಯ ತೊಡೆಗೆ ಬಂತು. ಆಕೆ ಅದರ ಅಂಚು ಸವರುತ್ತ ಕೂತು, ಮರೆತವಳಂತೆ ನನ್ನ ಕಡೆ ತಿರುಗುತ್ತಿದ್ದಳು.

"ಏನೋ ಬರದಿದ್ನಲ್ಲವ್ವ ನಿಮ್ಮ ಕಾಕಾ. ಏನದು?"

ನಾನು ಹೇಳುತ್ತಿದ್ದೆ.