ಐದನೆಯ ರೊಟ್ಟಿ ರಾಷ್ಟ್ರಕೂಟರದು

ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಅದೇ ನನ್ನ ಕಡೆಯ ಅವಕಾಶ. ವಯಸ್ಸಿನ ಮಿತಿ ಮೀರುತ್ತಿತ್ತು. ಮೇಲವಂಕಿಯ ನಮ್ಮ ಮನೆಯಲ್ಲಿ ಕೂತು ಓದಲು ಪುರುಸೊತ್ತಿಲ್ಲ. ಓದಿದರೂ ಕರ್ನಾಟಕದ ಇತಿಹಾಸ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಚಾಲುಕ್ಯರು ಒಂದು ಸಲ ಬಂದುಹೋದದ್ದು ಸಾಲದೆಂದು ಬಾದಾಮಿಯಲ್ಲೊಮ್ಮೆ, ಕಲ್ಯಾಣದಲ್ಲೊಮ್ಮೆ! ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಬೆಳಿಗ್ಗೆ ಪುಸ್ತಕವನ್ನು ಹಿಟ್ಟಿನ ಡಬ್ಬಿಯ ಮೇಲೆ ಕುಕ್ಕಿ, ರೊಟ್ಟಿ ಬಡಿಯಲು ಕೂತೆ.

ಆ ಸಿಟ್ಟಿನಲ್ಲೇ ಒಂದೊಂದು ರೊಟ್ಟಿಗೆ ಒಂದೊಂದು ರಾಜವಂಶದ ಹೆಸರು ಹೇಳುತ್ತ ಬಡಿದೆ. ಮೊದಲನೆಯದು ಶಾತವಾಹನರು, ಎರಡನೆಯದು ಕದಂಬರು, ಆಮೇಲೆ ಗಂಗರು. ವಿಜಯನಗರ, ಆದಿಲಶಾಹಿ, ಬ್ರಿಟಿಷರನ್ನೆಲ್ಲ ದಾಟಿ ಏಕೀಕರಣಕ್ಕೆ ಬರುವಷ್ಟರಲ್ಲಿ ಬುಟ್ಟಿ ತುಂಬಿತು. ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದವರು ನನ್ನ ಅತ್ತೆ, ಶಾಲೆಯ ಮೆಟ್ಟಿಲು ಹತ್ತದವರು. ದಿನಾ ಇದೇ ನಡೆದು, ವಾರದೊಳಗೆ ಅವರಿಗೆ ಪೂರ್ತಿ ಸಾಲು ಬಾಯಿಪಾಠ, ನನಗಿನ್ನೂ ಅರ್ಧ.

"ಯವ್ವಾ, ಕದಂಬರು ಹೊತ್ತಾಕತ್ತಾರ, ಲಗೂ ಗಂಗರನ್ನ ಕೊಡ!" ಎನ್ನುತ್ತಿದ್ದರು.

ಬಾದಾಮಿ ಚಾಲುಕ್ಯರಾದ ಮೇಲೆ ನಾನು ಪ್ರತಿ ಸಲ ತಪ್ಪುತ್ತಿದ್ದೆ. ಒಮ್ಮೆ ಐದನೆಯ ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬಿ, ಬಿರಿದು, ಹಬೆ ಅತ್ತೆಯ ಬೆರಳಿಗೆ ಬಡಿಯಿತು.

"ಅಯ್ಯಯ್ಯ, ರಾಷ್ಟ್ರಕೂಟರು ಸುಟ್ರಲ್ಲ ನನ್ನ!"

ಬೆರಳು ಬಾಯಲ್ಲಿಟ್ಟುಕೊಂಡೇ ಅವರು ನಕ್ಕರು. ನಾನೂ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಗೋಕಾಕದ ಪರೀಕ್ಷಾ ಕೊಠಡಿಯಲ್ಲಿ ರಾಜವಂಶಗಳನ್ನು ಕ್ರಮವಾಗಿ ಜೋಡಿಸುವ ಪ್ರಶ್ನೆಯೇ ಬರಬೇಕೆ! ತಲೆ ಖಾಲಿ. ಕೈ ಮಾತ್ರ ತಾನಾಗಿ ಡೆಸ್ಕ್ ಬಡಿಯತೊಡಗಿತು.

"ಏನ್ ನಡಸೀರಿ ಅಕ್ಕಾರ?" ಮೇಲ್ವಿಚಾರಕರು ಹತ್ತಿರ ಬಂದು ಕೇಳಿದರು.

"ರೊಟ್ಟಿರಿ, ಸರ್," ಎಂದುಬಿಟ್ಟೆ.

ಹಿಂದಿನ ಬೆಂಚಿನವರು ಕಿಸಕ್ಕೆಂದರು. ನಗಲಿ ಬಿಡಿ. ಐದನೆಯ ಬಡಿತಕ್ಕೆ ಅತ್ತೆಯ ಸುಟ್ಟ ಬೆರಳು ಕಣ್ಣಮುಂದೆ ಬಂದಿತ್ತು. ಎರಡು ಚಾಲುಕ್ಯ ವಂಶಗಳ ನಡುವೆ ರಾಷ್ಟ್ರಕೂಟರನ್ನು ಕೂರಿಸಿ ಮುಂದಿನ ಪ್ರಶ್ನೆಗೆ ಹೋದೆ.

ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಬಂದ ದಿನ ಅಡುಗೆಮನೆಗೆ ಓಡಿಹೋಗಿ ಹೇಳಿದೆ. ಅತ್ತೆ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದರು. ತುಸು ನಾಚಿಕೊಂಡು ಕೇಳಿದರು.

"ಹಂಗಾರ ನಾನೂ ಪಾಸಾದ್ನೇನವಾ?"

"ನೀವ ಮೊದಲ ಪಾಸಾದ್ರಿ, ಅತ್ತಿ. ನಿಮ್ಮ ಹಿಂದ ನಾ."

ಹೇಳುವಾಗ ನನಗೆ ಅಳುವೇ ಬಂತು. ಅವರು ಸೆರಗಿಗೆ ಕೈ ಒರೆಸಿಕೊಂಡು ಪಕ್ಕದ ಮನೆಯ ಚಾಚಿಯ ಹತ್ತಿರ ಹೊರಟೇಬಿಟ್ಟರು. ಗೋಡೆಯಾಚೆಯಿಂದ ಅವರ ದನಿ ಕೇಳಿಸಿತು.

"ಅತ್ತಿ-ಸೊಸಿ ಇಬ್ರೂ ಪಾಸಾಗೇವಿ, ಬಾಯಿ ಸಿಹಿ ಮಾಡ್ಕೊಳ್ಳಾಕ ಬರ್ರಿ!"