ನಾನು ಕಟ್ಟಿದ ಓಟದ ದೋಣಿ

ದೋಣಿ ಕಟ್ಟುವ ಆಸೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ಕ್ಲಬ್ಬಿನಿಂದ ಬಂದದ್ದು. ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆಯ ಬೆಲೆ ಬಂದು, ಸಕಲೇಶಪುರ, ಆಲೂರು ಕಡೆಯ ಪ್ಲಾಂಟರುಗಳಾದ ನಮಗೆಲ್ಲ ಇದ್ದಕ್ಕಿದ್ದಂತೆ ಹವ್ಯಾಸಗಳು ಶುರುವಾಗಿದ್ದವು. ಒಬ್ಬರು ಕುದುರೆ ತಂದರು. ಹತ್ತಲು ಹೆದರಿಕೆ. ಅದಕ್ಕೇ ಮೇಸ್ತ್ರಿಯ ಕೈಲಿ ಹಗ್ಗ ಹಿಡಿಸಿ ತಾವು ಅದರ ಪಕ್ಕದಲ್ಲಿ ವಾಕಿಂಗ್ ಹೋಗುತ್ತಿದ್ದರು. ಇಂಗ್ಲೆಂಡ್ ಪ್ರವಾಸ ಮುಗಿಸಿ ಬಂದ ನಮ್ಮ ಅಧ್ಯಕ್ಷರು ಅಲ್ಲಿ ನದಿಯ ಮೇಲೆ ದೋಣಿ ಓಟ ನೋಡಿದ್ದರಂತೆ. ನಮ್ಮ ಹೇಮಾವತಿ ಹಿನ್ನೀರಿಗೇನು ಕಡಿಮೆ ಎಂದು ಸಭೆಯಲ್ಲಿ ಕೇಳಿದರು. ಹಿನ್ನೀರಿಗೆ ಏನೂ ಕಡಿಮೆಯಿರಲಿಲ್ಲ. ನಮ್ಮಲ್ಲಿ ದೋಣಿಗಳಿರಲಿಲ್ಲ, ಅಷ್ಟೆ.

ದೋಣಿ ಮರದ್ದಾಗಿರಬೇಕು, ಸ್ಪರ್ಧಿಯ ಮನೆಯಲ್ಲೇ ತಯಾರಾಗಬೇಕು ಎಂದು ನಿಯಮವಾಯಿತು. ಇದಕ್ಕೆ ಹತ್ತು ನಿಮಿಷ ಹಿಡಿಯಿತು. ಓಟದ ದಿನ ಕೋಟು ಹಾಕಬೇಕೇ ಬೇಡವೇ ಎಂಬುದಕ್ಕೆ ಎರಡು ಗಂಟೆ. ನಾನು ಕೈ ಎತ್ತಿದೆ. ಹಿಂದೊಮ್ಮೆ ಒಂದು ಪುಸ್ತಕದ ಕಪಾಟು ಮಾಡಿದ್ದೆ, ಅದು ಗೋಡೆಗೆ ಒರಗಿಕೊಂಡು ಇನ್ನೂ ನಿಂತಿತ್ತು. ಆ ಧೈರ್ಯ.

ಮಗ್ಗೆಯ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ಹಳೆಯ ಕಾಫಿ ಸ್ಟೋರ್ ಖಾಲಿ ಬಿದ್ದಿತ್ತು. ಅದಕ್ಕೆ ವರ್ಕ್‌ಶಾಪ್ ಎಂದು ಹೆಸರಿಟ್ಟೆ. ಒಳಗೆ ಒಬ್ಬ ಬಡಗಿಯನ್ನು ಇಟ್ಟೆ. ಐವತ್ತೈದು ದಾಟಿದ ಕಡ್ಡಿಯಂಥ ಮನುಷ್ಯ. ಹತ್ತು ವರ್ಷದಿಂದ ನಮ್ಮಲ್ಲಿ ಗೇಟು, ಆಳುಗಳ ಲೈನ್ ಮನೆಗಳ ಬಾಗಿಲು, ಮೆಣಸು ಕುಯ್ಯುವ ಏಣಿ ಮಾಡಿಕೊಂಡಿದ್ದ. ಹಿಂದಿನ ಮಳೆಗಾಲದ ಗಾಳಿಗೆ ಬಿದ್ದ ಗಂಧಗರಿಗೆ ಮರವನ್ನು ಕುಯ್ಯಿಸಿ ಹಲಗೆ ಮಾಡಿಸಿದ್ದೆ. ಹಗುರ ಮರ, ಓಟಕ್ಕೆ ಒಳ್ಳೆಯದು. ಹಾಗೆಂದು ಹೇಳಿದವನೂ ಬಡಗಿಯೇ.

ಕೆಲಸ ಹೀಗೆ ನಡೆಯುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ಇಂಗ್ಲಿಷ್ ಪುಸ್ತಕದಿಂದ ಒಂದೊಂದೇ ಸಾಲನ್ನು ಕನ್ನಡಕ್ಕೆ ಮಾಡಿ ಓದುತ್ತಿದ್ದೆ. ಅವನು ಬೀಡಿ ಆರಿಸಿ ವಿನಯದಿಂದ ಪೂರ್ತಿ ಕೇಳಿಸಿಕೊಂಡು, ಎದ್ದು, ತನಗೆ ತೋಚಿದಂತೆ ಮಾಡುತ್ತಿದ್ದ. ಸಂಜೆ ನಾನು ಡೈರಿಯಲ್ಲಿ ‘ಇಂದು ಮೂರನೆಯ ಹಲಗೆ ಬಗ್ಗಿಸಿದೆ’ ಎಂದು ಬರೆಯುತ್ತಿದ್ದೆ.

ಹಲಗೆ ಬಗ್ಗಲು ಹಬೆ ಬೇಕು. ಬಚ್ಚಲುಮನೆಯ ಹಂಡೆಗೆ ತಗಡಿನ ಕೊಳವೆ ಜೋಡಿಸಿ, ಅದರೊಳಗೆ ಹಲಗೆ ತೂರಿಸಿ ದಿನವಿಡೀ ಬೇಯಿಸಿದೆವು. ವಾರಗಟ್ಟಲೆ ಮನೆಯವರಿಗೆ ಸ್ನಾನಕ್ಕೆ ಬಿಸಿನೀರಿಲ್ಲ. ನನ್ನ ಹೆಂಡತಿ ಬಂದವರಿಗೆಲ್ಲ, ಯಜಮಾನರು ಹದಿನೆಂಟು ಅಡಿ ಉದ್ದದ ಕಡುಬು ಬೇಯಿಸುತ್ತಿದ್ದಾರೆ, ಆದಮೇಲೆ ಊಟಕ್ಕೆ ಕರೆಯುತ್ತೇವೆ ಎಂದು ಹೇಳಿ ಕಳಿಸುತ್ತಿದ್ದಳು.

ದೋಣಿ ಸೋರುತ್ತದೆಯೇ ಎಂದು ನೋಡಲು ಬಡಗಿ ಅದನ್ನು ಕಣದಲ್ಲಿಟ್ಟು ಒಳಗೇ ನೀರು ತುಂಬಿಸಿದ. ಹನಿ ಬಿದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತ ಹೊಟ್ಟೆಯ ಮೇಲೆ ತೆವಳುತ್ತಿದ್ದಾಗಲೇ ಅಧ್ಯಕ್ಷರು ನೋಡಲು ಬಂದರು. ಅಷ್ಟರಲ್ಲಿ ನಮ್ಮ ಎಮ್ಮೆ ದೋಣಿಗೆ ಬಾಯಿ ಹಾಕಿ ಕುಡಿಯುತ್ತಿತ್ತು. ನಾನು ಕಟ್ಟಿರುವುದು ಬಾನಿ ಎಂಬ ಸುದ್ದಿ ಮರುದಿನ ಬಾಳ್ಳುಪೇಟೆ ದಾಟಿತು.

ಓಟ ನಡೆದದ್ದು ಏಪ್ರಿಲ್ ಕೊನೆಯಲ್ಲಿ, ನೀರು ತಗ್ಗಿದ್ದಾಗ. ಬಂದದ್ದು ಮೂರೇ ದೋಣಿ. ಅಧ್ಯಕ್ಷರ ದೋಣಿ ಅವರ ಮನೆಯಲ್ಲೇ ತಯಾರಾದದ್ದು ಎಂದು ಅವರೇ ಹೇಳಿದರು. ಆದರೆ ಹೊಸ ಬಣ್ಣದ ಕೆಳಗೆ ಮಂಗಳೂರು ಕಡೆಯ ಮೀನುಗಾರರು ಬರೆಯುವ ನಂಬರಿನ ಅರ್ಧ ಇನ್ನೂ ಕಾಣುತ್ತಿತ್ತು. ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನದ ಊಟ ಅವರದೇ ಆಗಿತ್ತು.

ನಮ್ಮದರಲ್ಲಿ ಹುಟ್ಟು ಹಾಕಲು ನಾನು ಮತ್ತು ನನ್ನ ಭಾಮೈದ. ಹುಟ್ಟು ಹಾಕುವವರು ಬೆನ್ನು ಮುಂದೆ ಮಾಡಿ ಕೂರುವುದರಿಂದ ದಾರಿ ನೋಡಲು ಒಬ್ಬ ಬೇಕು. ತೂಕ ಕಡಿಮೆಯಿದ್ದವನೆಂದು ಬಡಗಿಯನ್ನು ಚುಕ್ಕಾಣಿಗೆ ಕೂರಿಸಿದೆ. ಅವನು ಒಪ್ಪುವ ಮೊದಲು ನೀರನ್ನು ಸ್ವಲ್ಪ ಹೊತ್ತು ನೋಡಿದ. ಹೆದರಿದ್ದಾನೆ ಎಂದುಕೊಂಡು, ಈಜು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದ.

ಸೀಟಿ ಊದಿದರು. ಕ್ಲಬ್ಬಿನವರು ನೆಟ್ಟ ಕೆಂಪು ಬಾವುಟಗಳ ನಡುವೆ ಅಧ್ಯಕ್ಷರು ನೇರವಾಗಿ ನುಗ್ಗಿದರು. ನಮ್ಮ ದೋಣಿ ಎಡಕ್ಕೆ ಹೊರಳಿತು. ಎಲ್ಲಿಗೆ ಹೋಗುತ್ತಿದ್ದೀಯ ಎಂದು ನಾನು ಗದರಿದೆ.

“ಸೀದ ಹೋದ್ರೆ ಬಾವಿಕಟ್ಟೆ ಐತೆ ಗೌಡ್ರೆ, ತಳ ಒಡ್ದೋಗ್ಬುಡ್ತದೆ. ಬೀದಿ ಮ್ಯಾಲೇ ಹೋಗನ” ಎಂದ.

ನನಗೆ ಅರ್ಥವಾಗಲಿಲ್ಲ. ಹುಟ್ಟು ಹಾಕಿದೆ. ನೀರಿನಲ್ಲಿ ಬೀದಿಯೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಅಷ್ಟರಲ್ಲಿ ಬಾವುಟಗಳ ಕಡೆಯಿಂದ ಕಟಕ್ಕೆಂದು ಸದ್ದಾಯಿತು. ಅಧ್ಯಕ್ಷರ ದೋಣಿ ಯಾವುದೋ ಕಲ್ಲಿನ ಮೇಲೆ ಕೂತು ಮೆಲ್ಲಗೆ ವಾಲುತ್ತಿತ್ತು, ಅವರು ಕೋಟು ನೆನೆಯದಂತೆ ಎರಡೂ ಕೈ ಮೇಲೆತ್ತಿದ್ದರು. ಬಡಗಿ ತಿರುಗಿಯೂ ನೋಡಲಿಲ್ಲ. ಇಲ್ಲಿ ಶಾಲೆ, ಬಲಕ್ಕೆ ಎಳೀರಿ, ಇಲ್ಲಿ ಮಿಲ್ಲಿನ ಗೋಡೆ, ನಿಧಾನ ಎಂದು ಹೇಳಿಕೊಂಡು ಬಂದ. ಆಮೇಲೆ ಒಂದು ಕಡೆ ಬಗ್ಗಿ ನೀರೊಳಗೆ ನೋಡಿದ. ನಾವು ಎರಡು ಸಲ ಹುಟ್ಟು ಹಾಕುವಷ್ಟು ಹೊತ್ತು.

“ಇದು ನಮ್ಮನೆ” ಎಂದ.

ಆ ಗಳಿಗೆಯಲ್ಲಿ ನಾನು ಕೇಳಿದ್ದೇನೆಂದರೆ, ಇನ್ನೊಂದು ದೋಣಿ ನಮಗಿಂತ ಎಷ್ಟು ಹಿಂದೆ ಇದೆ ಎಂದು. ಅವನು ನೋಡಿ, ತುಂಬಾ ಹಿಂದೆ ಇದೆ ಎಂದು ಹೇಳಿದ.

ಗೆದ್ದೆವು. ಆದರೆ ಬಾವುಟಗಳ ಹೊರಗೆ ಹೋದವರು ಗೆದ್ದಂತೆ ಆಗುವುದಿಲ್ಲವೆಂದು ಸಮಿತಿ ತೀರ್ಮಾನಿಸಿತು. ಮೂರನೆಯ ದೋಣಿಯವರು ಗುರಿ ಮುಟ್ಟುವ ಮೊದಲೇ ಊಟಕ್ಕೆ ಎದ್ದು ಹೋಗಿದ್ದರು. ಕೊನೆಗೆ ಕ್ರೀಡಾಮನೋಭಾವಕ್ಕಾಗಿ ಬಹುಮಾನದ ಕಪ್ ಅಧ್ಯಕ್ಷರಿಗೇ ಹೋಯಿತು. ನನಗೆ ‘ಅತ್ಯುತ್ತಮ ಕೈಕೆಲಸ’ ಎಂದು ಒಂದು ಪ್ರಮಾಣಪತ್ರ. ಮೈಕಿನ ಮುಂದೆ ನಾನು ಹಲಗೆ ಬಗ್ಗಿಸಿದ ಕಷ್ಟವನ್ನು ವಿವರಿಸಿದೆ. ಹಂಡೆಗೂ ಕೃತಜ್ಞತೆ ಹೇಳಿದೆ. ಬಡಗಿ ದೂರದಲ್ಲಿ ಡ್ರೈವರುಗಳ ಜೊತೆ ಬಾಳೆಲೆ ಹಾಕಿಕೊಂಡು ಊಟ ಮಾಡುತ್ತಿದ್ದ.

ಜೀಪಿನಲ್ಲಿ ವಾಪಸಾಗುವಾಗ ಅವನ ಊರಿನ ಹೆಸರು ಕೇಳಿದೆ. ಹತ್ತು ವರ್ಷದಲ್ಲಿ ಮೊದಲ ಸಲ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನವನೆಂದು ಗೊತ್ತಿತ್ತು. ಅದು ಯಾವ ಊರು ಎಂದು ಕೇಳಬೇಕೆಂದೇ ಅನ್ನಿಸಿರಲಿಲ್ಲ. ಅವನು ಹೆಸರು ಹೇಳಿ, ಮಿಲ್ಲಿನ ಕಲ್ಲುಗೋಡೆ ಇನ್ನೂ ಗಟ್ಟಿಯಾಗಿದೆಯಂತೆ ಎಂದು ಖುಷಿಪಟ್ಟ.

ಮರುವರ್ಷ ಕ್ಲಬ್ಬಿನವರು ಗಾಲ್ಫಿಗೆ ಹೋದರು. ದೋಣಿ ಸ್ಟೋರಿನಲ್ಲಿ ಧೂಳು ಹಿಡಿದು ಕೂತಿತ್ತು. ಬೇಸಿಗೆಯಲ್ಲಿ ಬಡಗಿ ಬಂದು, ಒಂದು ದಿನಕ್ಕೆ ಅದನ್ನು ಕೊಡಬಹುದೇ, ಆಲೂರಿನಿಂದ ಅಕ್ಕ ಬಂದಿದ್ದಾಳೆ ಎಂದು ಕೇಳಿದ. ಹುಟ್ಟು ಹಾಕಲು ನಾನೇ ಬರುತ್ತೇನೆ ಎಂದೆ. ಬೇಡವೆನ್ನಲು ಅವನಿಗೆ ಸಂಕೋಚ.

ಎಪ್ಪತ್ತರ ಮುದುಕಿ ಮಡಿಲಲ್ಲಿ ಅರಿಶಿನ, ಕುಂಕುಮ, ಹೂವು ಇಟ್ಟುಕೊಂಡು ನಡುವೆ ಕೂತಳು. ಓಟದ ದಿನ ತನ್ನ ಮನೆ ಎಂದಿದ್ದ ಜಾಗಕ್ಕೆ ಬಂದೊಡನೆ ಬಡಗಿ ನಿಲ್ಲಿಸಲು ಹೇಳಿ, ಇಲ್ಲೇ ಹಾಕಕ್ಕ ಎಂದ. ಅವಳು ದಡ ನೋಡಿದಳು, ಗುಡ್ಡ ನೋಡಿದಳು, ಹೂವಿನ ಪೊಟ್ಟಣ ಬಿಚ್ಚಲಿಲ್ಲ.

“ಇದು ಪಟೇಲ್ರ ಕೊಟ್ಟಿಗೆ ಕಣೋ. ನಮ್ಮನೆ ಅತ್ಲಾಗೈತೆ.”

ಅವನು ಅಲ್ಲವೆಂದ. ಅವಳು ಹೌದೆಂದಳು. ಮದುವೆಯಾಗಿ ಹೋದವಳಿಗೆ ಏನು ಗೊತ್ತು ಎಂದು ಇವನು, ಅಂಗಳ ಸಾರಿಸಿದವಳು ನಾನೋ ನೀನೋ ಎಂದು ಅವಳು. ಅತ್ತ ಎಳೆಯಿರಿ ಎಂದಾಗ ಅತ್ತ, ಇತ್ತ ಎಂದಾಗ ಇತ್ತ ಹುಟ್ಟು ಹಾಕಿದೆ. ಓಟಕ್ಕೆಂದೇ ಮಾಡಿದ ದೋಣಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಸಲ ಎಳೆದರೆ ನಾಲ್ಕು ಮನೆ ದಾಟಿಬಿಡುತ್ತಿತ್ತು. ಬಿಸಿಲು ಏರಿತು, ನನ್ನ ಅಂಗೈಯಲ್ಲಿ ಬೊಬ್ಬೆ ಬಂತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕೊನೆಗೆ ಅಕ್ಕ ಹೂವನ್ನು ಎರಡು ಪಾಲು ಮಾಡಿ, ಒಂದನ್ನು ತಮ್ಮ ಹೇಳಿದಲ್ಲಿ, ಇನ್ನೊಂದನ್ನು ತಾನು ಹೇಳಿದಲ್ಲಿ ಬಿಟ್ಟಳು. ದಡಕ್ಕೆ ಬಂದೆವು. ಇಳಿಯುವಾಗ ಅವಳು ದೋಣಿಯ ಅಂಚನ್ನು ಸವರಿ, ಯಾರು ಮಾಡಿದ್ದು ಎಂದು ಕೇಳಿದಳು.

“ನಿಮ್ಮ ತಮ್ಮ” ಎಂದೆ.