ಹೊಸ್ತಿಲ ಮುಂದಿನ ಕೆಮ್ಮು

ಸೀನಿದರೆ ಶಕುನ ನೋಡುತ್ತಾರೆ, ಮೈಮೇಲೆ ಹಲ್ಲಿ ಬಿದ್ದರೆ ಪಂಚಾಂಗ ತೆರೆಯುತ್ತಾರೆ. ಕೆಮ್ಮಿಗೆ ಮಾತ್ರ ನಮ್ಮ ಹಿರಿಯರು ಯಾವ ಶಾಸ್ತ್ರವನ್ನೂ ಬರೆದಿಡಲಿಲ್ಲ. ನನಗನಿಸುವ ಕಾರಣ ಇಷ್ಟೇ: ಅವರಿಗೆ ಕೆಮ್ಮು ರೋಗವಾಗಿರಲಿಲ್ಲ, ಮರ್ಯಾದೆಯಾಗಿತ್ತು. ನಮ್ಮ ಬೈಲಹೊಂಗಲದ ಕಡೆ ಮನೆಯ ಹಿರಿಯ ಗಂಡಸು ಹೊಸ್ತಿಲ ಬಳಿ ಒಮ್ಮೆ ಕೆಮ್ಮಿಯೇ ಒಳಗೆ ಬರಬೇಕು. ಆ ಸದ್ದಿಗೆ ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳುತ್ತಾರೆ, ಮಾತು ಬದಲಿಸುತ್ತಾರೆ, ಚಹಾಕ್ಕೆ ನೀರಿಡುತ್ತಾರೆ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಇಲ್ಲದ್ದರಿಂದ ಆ ಕೆಲಸವನ್ನೂ ಕೆಮ್ಮೇ ಮಾಡುತ್ತಿತ್ತು.

ಹೀಗೆ ಮದುವೆಯಾದಂದಿನಿಂದ ಮರ್ಯಾದೆಗೆ ಕೆಮ್ಮುತ್ತ ಬಂದ ನಾನು ಅರವತ್ತರ ವಯಸ್ಸಿನ ಹೊತ್ತಿಗೆ ನಿಜವಾಗಿಯೇ ಕೆಮ್ಮತೊಡಗಿದೆ. ತೊಂಬತ್ತರ ದಶಕದ ಕೊನೆಯ ಮಾತಿದು. ನನ್ನದು ಕಾಳುಕಡಿಯ ದಲಾಲಿ ಅಂಗಡಿ. ಬೆನ್ನ ಮೇಲೆ ಚೀಲ ಹೊತ್ತು ಶುರುಮಾಡಿ ಗಾದಿಯ ಮೇಲೆ ಕುಳಿತವನು. ಜೋಳವಿರಲಿ, ಕಡಲೆಯಿರಲಿ, ಚೀಲ ಸುರುವಿದರೆ ಮೊದಲು ಏಳುವುದು ಧೂಳು. ಅದನ್ನು ನಾನು ಇಷ್ಟು ವರ್ಷ ಪುಕ್ಕಟೆಯಾಗಿ ನುಂಗಿದ್ದೆ.

ದಲಾಲನ ಬಂಡವಾಳ ಯಾವುದು ಗೊತ್ತೇ? ಮಾತು ಎನ್ನುತ್ತೀರಿ. ಅಲ್ಲ, ಮೌನ. ನಮ್ಮ ದರ ಹೇಳಿ ಬಾಯಿ ಮುಚ್ಚಿ ಕೂಡಬೇಕು. ಮೊದಲು ಬಾಯಿ ಬಿಟ್ಟವನು ಸೋತ. ಈ ಕೆಮ್ಮು ಬಂದ ಮೇಲೆ ಮೌನ ನನಗೆ ದಕ್ಕದಾಯಿತು. ದೊಡವಾಡದ ರೈತನೊಬ್ಬ ಕಡಲೆ ತಂದಿದ್ದ. ನಾನು ದರ ಹೇಳಿ ಸುಮ್ಮನಾದೆ, ಕೆಮ್ಮು ಸುಮ್ಮನಾಗಲಿಲ್ಲ. ಅವನು ಗಾಬರಿಬಿದ್ದು, "ಆತ ಬಿಡ್ರಿ ಸಾವಕಾರ್ರ, ನೀವಂದದ್ದಕ್ಕ ಕೊಡತೇನಿ. ಮೊದಲ ನೀರ ಕುಡೀರಿ" ಎಂದ. ನಾನು ಗೆದ್ದ ವ್ಯವಹಾರಗಳಲ್ಲೆಲ್ಲ ನಾಚಿಕೆ ತಂದದ್ದು ಅದೊಂದೇ.

ಕೆಮ್ಮುವವನ ಮುಂದೆ ಎಲ್ಲರೂ ವೈದ್ಯರೇ. ಸಂಪಗಾಂವದ ಬೀಗರು ಆಡುಸೋಗೆಯ ಕಷಾಯ ಕಳಿಸಿದರು. ಸವದತ್ತಿಯ ಅಕ್ಕ ಹಿಪ್ಪಲಿ, ಜೇನುತುಪ್ಪ ಎಂದಳು. ರಾಮದುರ್ಗದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನು ಮೂರು ಔಷಧಿ ಹೇಳಿ, ಮುಂದಿನ ನಿಲ್ದಾಣದಲ್ಲಿ ಸೀಟು ಬದಲಿಸಿದ. ಅಂದೇ ನನಗೆ ಒಂದು ರೋಗದ ಭಯ ಹತ್ತಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದ ಹೆಸರು ಅದು: ಕ್ಷಯ. ಯಾರಿಗೂ ಹೇಳದೆ ನನ್ನ ತಾಟು, ತಂಬಿಗೆ ಬೇರೆ ಇಟ್ಟುಕೊಂಡೆ. ನನ್ನಾಕೆ ಅದನ್ನು ನೋಡಿದಳು, ಅದೇ ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು, "ನಡೀರಿ ದವಾಖಾನಿಗೆ" ಎಂದಳು.

ಡಾಕ್ಟರು ಕಫ ನೋಡಿದರು, ಎದೆಯ ಫೋಟೋ ತೆಗೆಸಿದರು. "ನೀವು ಅಂಜಿದ್ದು ಅಲ್ರಿ. ಇದು ದಮ್ಮು. ಧೂಳಾಗ ಕುಂತು ಕುಂತು ಹೆಚ್ಚಾಗೇತಿ" ಎಂದರು. ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ರೋಗವೊಂದನ್ನು ಅಷ್ಟು ಸಂತೋಷದಿಂದ ಮನೆಗೆ ಕರೆದುಕೊಂಡು ಹೋದವರು ನಾವೇ ಇರಬೇಕು.

ಆದರೆ ಹುಟ್ಟುಗುಣ ಬಿಡಬೇಕಲ್ಲ. ಬಾಯಿಗೆ ಹಿಡಿದು ಎಳೆಯುವ ಪಂಪು ಕೊಟ್ಟು, ಮುಂಜಾನೆ ಎರಡು, ಸಂಜೆ ಎರಡು ಸಲ ಎಂದರು ಡಾಕ್ಟರು. "ಭಾಳ ಆತ್ರಿ. ಮುಂಜಾನಿ ಒಂದ ಹಿಡೀರಿ, ಸಂಜೀದು ಬಿಟ್ಟಬಿಡ್ರಿ" ಎಂದೆ.

"ಅರ್ಧಾ ಉಸರ ತಗೊಂಡು ಮನಿಗೆ ಹೊಕ್ಕೀರೇನ, ಸಾವಕಾರ್ರ?"

ನಕ್ಕು ಬಂದೆ. ಒಳಗೊಳಗೆ ಮಾತ್ರ ಒಂದಕ್ಕೇ ವ್ಯವಹಾರ ಮುಗಿಸಿದ್ದೆ. ಕೆಮ್ಮು ತುಸು ತಗ್ಗಿದ್ದೇ ತಡ, ಅದನ್ನೂ ಬಿಟ್ಟೆ. ಚಟ ಬಿದ್ದೀತು ಎಂಬ ಜಾಣತನ. ಮುಂದೆ ಕಿತ್ತೂರಿನ ಮದುವೆಯೊಂದರಲ್ಲಿ ವಧೂವರರನ್ನು ಹರಸಲು ಬಾಯಿ ತೆರೆದರೆ ಮಾತಿನ ಬದಲು ಎದೆಯಿಂದ ಸಿಳ್ಳೆ ಬಂತು. ಉಸಿರು ಒಳಗೂ ಬಾರದು, ಹೊರಗೂ ಹೋಗದು. ಇಬ್ಬರು ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದರು. ಕೈಯಲ್ಲಿದ್ದ ಅಕ್ಷತೆ ದವಾಖಾನೆಯವರೆಗೂ ಕೈಯಲ್ಲೇ ಇತ್ತು.

ಆಮೇಲೆ ಡಾಕ್ಟರು ಎದುರಿಗೇ ಕೂಡಿಸಿಕೊಂಡು ಕಲಿಸಿದರು: ಮೊದಲು ಉಸಿರು ಪೂರ್ತಿ ಬಿಡು, ಒತ್ತಿ ನಿಧಾನ ಎಳೆ, ತಡೆದು ಹಿಡಿ, ಕೊನೆಗೆ ಬಾಯಿ ಮುಕ್ಕಳಿಸು. ಆರಾಮ ಇದ್ದಾಗಲೂ ಎಳೆಯುತ್ತಿದ್ದರೇ ಆರಾಮ ಇರುತ್ತದೆ. ಇದನ್ನು ನಿಮಗೂ ಹೇಳುತ್ತಿದ್ದೇನೆ, ಕಿವಿಗೆ ಹಾಕಿಕೊಳ್ಳಿ: ಸಂತೆಯಲ್ಲಿ ದರಕ್ಕೆ ಎಷ್ಟಾದರೂ ಜಗ್ಗಾಡಿ, ದವಾಖಾನೆಯಲ್ಲಿ ಬೇಡ. ಎರಡು ಹೊತ್ತೂ ನನ್ನಾಕೆ ಎದುರು ನಿಂತು ಎಳೆಸಿದಳು. ಅವಳ ಹತ್ತಿರ ನನ್ನ ಮೌನವೂ ನಡೆಯಲಿಲ್ಲ.

ಕೆಮ್ಮು ಹೋಯಿತು. ಹೋದದ್ದು ನನಗೂ ಗೊತ್ತಾಗದಷ್ಟು ಮೆತ್ತಗೆ ಹೋಯಿತು. ಗೊತ್ತಾದದ್ದು ಒಂದು ಸಂಜೆ, ಸದ್ದಿಲ್ಲದೆ ಪಡಸಾಲೆಗೆ ಬಂದಾಗ. ಒಳಗೆ ನನ್ನಾಕೆ ಲಟ್ಟಣಿಗೆಯನ್ನು ಪಂಪಿನಂತೆ ಬಾಯಿಗೆ ಹಿಡಿದು, "ಭಾಳ ಆತ್ರಿ, ಒಂದ ಹಿಡೀರಿ" ಎಂದು ಥೇಟ್ ನನ್ನ ದನಿಯಲ್ಲಿ ಆಡಿ ತೋರಿಸುತ್ತಿದ್ದಳು. ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನ್ನನ್ನು ಕಂಡವಳೇ ಸೆರಗು ಎಳೆದುಕೊಂಡು, "ಕೆಮ್ಮದ ಬಂದ್ರ ಹೆಂಗ್ರಿ ಮಾಂವಾರ?" ಎಂದಳು.

ನ್ಯಾಯದ ಮಾತು. ಮರುದಿನ ಹೊಸ್ತಿಲ ಬಳಿ ನಿಂತು ಹಳೆಯ ಪದ್ಧತಿಯಂತೆ ಗಟ್ಟಿಯಾಗಿ ಕೆಮ್ಮಿದೆ. ಒಳಗೆ ಏನೋ ಬಿದ್ದು ಉರುಳಿತು. ನನ್ನಾಕೆ ಓಡಿಬಂದಳು. ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಅದೇ ತಂಬಿಗೆ, ಮುಖದಲ್ಲಿ ರಕ್ತವಿಲ್ಲ.

"ಏನಿಲ್ಲ, ಬಂದೆ ಅಂತ ತಿಳಿಸಾಕ ಕೆಮ್ಮಿದೆ" ಎಂದೆ.

ಅವಳು ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಇನ್ನ ಮ್ಯಾಲೆ ಸುಳ್ಳ ಕೆಮ್ಮಿದ್ರ ನೋಡ್ರಿ! ಬಂದದ್ದು ತಿಳಸೂದಿದ್ರ ಹೆಸರ ಹಿಡದು ಕರೀರಿ. ನನಗೇನ ಹೆಸರಿಲ್ಲೇನು?"

ಇದೆ. ಉದ್ದವೇ ಇದೆ. ಈಗ ದಿನಾಲೂ ಹೊಸ್ತಿಲಲ್ಲಿ ನಿಂತು, ಡಾಕ್ಟರು ಕಲಿಸಿದಂತೆ ಎದೆ ತುಂಬ ಉಸಿರು ಎಳೆದುಕೊಂಡು, "ಚನ್ನಬಸವ್ವಾ" ಎಂದು ಕೂಗುತ್ತೇನೆ. ನಡುವೆ ಎಲ್ಲಿಯೂ ತುಂಡಾಗುವುದಿಲ್ಲ.

"ಕೇಳಸ್ತರಿ, ಓಣಿಗೆಲ್ಲಾ ಕೇಳಸ್ತು" ಎನ್ನುತ್ತಾಳೆ ಒಳಗಿನಿಂದ. ಆದರೂ ಇನ್ನೊಮ್ಮೆ ಕರೆಯಲಿ ಎಂದು ಹೊರಗೆ ಬರುವುದನ್ನು ತುಸು ತಡಮಾಡುತ್ತಾಳೆ.